ಶಿವಮೊಗ್ಗದಿಂದ ಆಗುಂಬೆ, ಸಿರಿಮನೆ: ಮಂಜಿನ ಬೆಟ್ಟದಲ್ಲಿ ಒಂದು ದಿನದ ಬೈಕ್ ಪ್ರಯಾಣಕ್ಕೆ ಸಮಗ್ರ ಮಾರ್ಗದರ್ಶಿ

ಮಳೆಗಾಲದಲ್ಲಿ ಆಗುಂಬೆ ಕಡೆ ಬೈಕ್ ತಗೊಂಡು ಹೋಗಬೇಕು ಎನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಜಲಪಾತ ನೋಡಬೇಕು ಅಂತಿದ್ದೀರಿ? ಆಗ ಉದ್ದದ ಪಟ್ಟಿಯೇ ಹೊರಗೆ ಬರುತ್ತದೆ. ಜೋಗಿಗುಂಡಿ, ಬರ್ಕಣ, ಒನಕೆ ಅಬ್ಬಿ, ಕೂಡ್ಲು ತೀರ್ಥ, ಸಿರಿಮನೆ, ಕೊನೆಗೆ ಸೂರ್ಯಾಸ್ತವೂ ಬೇಕು. ಎಲ್ಲ ಒಂದೇ ದಿನಕ್ಕೆ. ಅದು ಆಗುವುದಿಲ್ಲ. ಮ್ಯಾಪ್ ನೋಡಿದರೆ ಆಗುತ್ತದೆ ಅನಿಸುತ್ತದೆ, ಏಕೆಂದರೆ ಕಿಲೋಮೀಟರ್ ಕಮ್ಮಿ ಇದೆ. ಆದರೆ ಮಲೆನಾಡಿನ ಮಳೆಯಲ್ಲಿ ಲೆಕ್ಕ ಹಾಕಬೇಕಾದದ್ದು ಕಿಲೋಮೀಟರ್ ಅಲ್ಲ, ಬೆಳಕು.

ನಾನು ಇದನ್ನು ಕಲಿತದ್ದು ಬಿದ್ದು. ಒಂದು ಜುಲೈನಲ್ಲಿ ಗೆಳೆಯನೂ ನಾನೂ ಹೀಗೇ ಉದ್ದದ ಪಟ್ಟಿ ಇಟ್ಟುಕೊಂಡು ಹೊರಟಿದ್ದೆವು. ಕೊನೆಯ ಜಲಪಾತದ ಮುಂದೆ ನಿಂತಾಗ ಸಂಜೆ ಐದೂವರೆ. ವಾಪಸ್ ಬರುವಾಗ ಮಂಜು, ಮಳೆ, ಕತ್ತಲೆ ಮೂರೂ ಒಟ್ಟಿಗೆ ಕವಿದವು. ಒಂದು ತಿರುವಿನಲ್ಲಿ ಧರೆಯಿಂದ (ರಸ್ತೆ ಪಕ್ಕ ಕಡಿದ ಗುಡ್ಡದ ಮಣ್ಣಿನ ಗೋಡೆ) ಇಳಿದು ಬಂದ ಕೆಮ್ಮಣ್ಣು ರಸ್ತೆ ಮೇಲೆ ಹರಡಿತ್ತು, ಕಾಣಲೇ ಇಲ್ಲ. ಮುಂದಿನ ಚಕ್ರ ಜಾರಿತು. ಕ್ಲಚ್ ಲಿವರ್ ಮುರಿಯಿತು, ಗೆಳೆಯನ ಮಣಿಕಟ್ಟು ಊದಿಕೊಂಡಿತು, ಫೋನಿಗೆ ಸಿಗ್ನಲ್ ಇಲ್ಲ. ಮುಕ್ಕಾಲು ಗಂಟೆ ಆದಮೇಲೆ ಬಂದ ಒಂದು ಜೀಪಿನವರು ನಮ್ಮನ್ನು ತೀರ್ಥಹಳ್ಳಿಗೆ ಮುಟ್ಟಿಸಿದರು. ಆವತ್ತಿನಿಂದ ನನ್ನ ನಿಯಮ ಇದು: ಎರಡು ಜಲಪಾತ, ಒಂದು ಬೆಟ್ಟ, ಮಧ್ಯಾಹ್ನ ಮೂರೂವರೆಗೆ ವಾಪಸ್ ಹೊರಡುವುದು. ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಇದರ ಮೇಲೆ.

ದಾರಿ ಹೀಗಿದೆ

ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಕುಂದಾದ್ರಿ ಬೆಟ್ಟ, ಆಗುಂಬೆ, ಜೋಗಿಗುಂಡಿ. ಆಮೇಲೆ ಶೃಂಗೇರಿ, ಕಿಗ್ಗ, ಸಿರಿಮನೆ. ವಾಪಸ್ ಶೃಂಗೇರಿಗೆ ಬಂದು ಕೊಪ್ಪ, ತೀರ್ಥಹಳ್ಳಿ, ಶಿವಮೊಗ್ಗ. ಎಲ್ಲ ಸೇರಿ 275 ಕಿಲೋಮೀಟರ್ ಆಸುಪಾಸು. ಶಿವಮೊಗ್ಗ–ತೀರ್ಥಹಳ್ಳಿ ಸುಮಾರು 60, ಆಗುಂಬೆ–ಶೃಂಗೇರಿ 30ರ ಒಳಗೆ, ಶೃಂಗೇರಿಯಿಂದ ಸಿರಿಮನೆ 15ರಷ್ಟು. ಬೇಸಿಗೆಯಲ್ಲಿ ಇದು ಆರಾಮದ ದಾರಿ. ಮಳೆಗಾಲದಲ್ಲಿ ಸರಾಸರಿ ಗಂಟೆಗೆ 35 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಹೋಗಬಹುದು ಅನಿಸಿದರೂ ಲೆಕ್ಕದಲ್ಲಿ ಸೇರಿಸಬೇಡಿ.

ಬೆಂಗಳೂರಿನಿಂದ ಬರುವವರು ರಾತ್ರಿ ಪೂರ್ತಿ ಬೈಕ್ ಓಡಿಸಿ ಬೆಳಿಗ್ಗೆ ನೇರ ಘಟ್ಟಕ್ಕೆ ನುಗ್ಗಬೇಡಿ, ದಯವಿಟ್ಟು. 300 ಕಿಲೋಮೀಟರ್ ಓಡಿಸಿದ ಕಣ್ಣಿಗೆ ಮಂಜಿನಲ್ಲಿ ತಿರುವು ಕಾಣುವುದಿಲ್ಲ. ಹಿಂದಿನ ದಿನ ಸಂಜೆಯೇ ಶಿವಮೊಗ್ಗ ಅಥವಾ ತೀರ್ಥಹಳ್ಳಿಗೆ ಬಂದು ಮಲಗಿ. ತೀರ್ಥಹಳ್ಳಿಯಲ್ಲಿ ಉಳಿದರೆ ಇನ್ನೂ ಒಳ್ಳೆಯದು, ಬೆಳಿಗ್ಗೆ ಒಂದೂವರೆ ಗಂಟೆ ಉಳಿಯುತ್ತದೆ.

ಮೊದಲ ಕೆಲಸ: ಹೋಗಬೇಕೋ ಬೇಡವೋ ನೋಡಿ

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ, ಅಷ್ಟೇ. ಆದರೆ ಕರಾವಳಿಯಿಂದ ಬರುವ ಮೋಡಕ್ಕೆ ಎದುರಾಗುವ ಗೋಡೆಯ ಅಂಚಿನಲ್ಲೇ ಕೂತಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಾಗ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಾಗಾಗಿ ಜುಲೈ ನೋಡಲು ಚೆಂದ, ಓಡಿಸಲು ಕಷ್ಟ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ನೀರು ತುಂಬಾ ಇರುತ್ತದೆ, ಮಂಜೂ ಇರುತ್ತದೆ, ಮಳೆ ಮಾತ್ರ ನಡುನಡುವೆ ಉಸಿರು ಬಿಡುತ್ತದೆ.

ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಆರೆಂಜ್ ಅಲರ್ಟ್ ಎಂದರೆ ಒಂದೇ ದಿನದಲ್ಲಿ 115 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯ ನಿರೀಕ್ಷೆ, ರೆಡ್ ಎಂದರೆ 204ಕ್ಕಿಂತ ಹೆಚ್ಚು. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಮೂರರಲ್ಲಿ ಯಾವುದಕ್ಕೆ ಆರೆಂಜ್ ಅಥವಾ ರೆಡ್ ಇದ್ದರೂ ಆ ದಿನ ಬೇಡ. ಉಡುಪಿ ಯಾಕೆ ಅಂತ ಕೇಳಬಹುದು. ನಮ್ಮ ದಾರಿ ಅಲ್ಲಿಗೆ ಇಳಿಯುವುದಿಲ್ಲ ನಿಜ, ಆದರೆ ಮೋಡ ಹತ್ತಿ ಬರುವುದು ಆ ಕಡೆಯಿಂದಲೇ.

ಇದಕ್ಕಿಂತ ನಾನು ಜಾಸ್ತಿ ನಂಬುವುದು ನಮ್ಮೂರವರ ಗುರುತುಗಳನ್ನು. ಈ ಪ್ರಯಾಣದ ಬಹುಪಾಲು ತುಂಗೆಯ ಹರಿವಿಗೆ ಎದುರಾಗಿ ಹೋಗುತ್ತದೆ. ಹೊಳೆ ದಡದ ಮೂರು ಊರಲ್ಲೂ ನೀರು ಅಳೆಯುವ ಕಲ್ಲು ಇದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶೃಂಗೇರಿಯಲ್ಲಿ ಹೆಡೆ ಬಿಚ್ಚಿದ ಹಾವು ಕಪ್ಪೆಗೆ ನೆರಳು ಕೊಟ್ಟ ಕತೆಯ ಕಪ್ಪೆ ಶಂಕರ. ಮಳೆಗಾಲದಲ್ಲಿ ಇಲ್ಲಿನ ಜನ ಫೋನ್ ಮಾಡಿದರೆ "ಮಂಟಪ ಮುಳುಗ್ತಾ?" ಅಂತಲೇ ಮಾತು ಶುರು. ಪೇಪರ್‌ನಲ್ಲೂ ಅದೇ ಸುದ್ದಿ. ಹಿಂದಿನ ದಿನ ಸ್ಥಳೀಯ ಸುದ್ದಿ ನೋಡಿ. ರಾಮಮಂಟಪ ಮುಳುಗಿದೆ, ಕಪ್ಪೆ ಶಂಕರ ಮುಳುಗಿದೆ ಅಂತ ಕಂಡರೆ ಮೇಲೆ ಹಳ್ಳಗಳೆಲ್ಲ ಉಕ್ಕಿವೆ ಎಂದು ಅರ್ಥ. ಎರಡು ದಿನ ಬಿಟ್ಟು ಹೊರಡಿ. ಜಲಪಾತ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ವಿಷಯ. ಮಳೆ ಜೋರಾದಾಗ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿಲ್ಲಿಸುತ್ತದೆ, ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಂದ್ ಮಾಡುತ್ತದೆ. ಹಿಂದಿನ ದಿನ ಅಲ್ಲಿನ ಹೋಟೆಲ್ಲಿಗೋ ಹೋಮ್‌ಸ್ಟೇಗೋ ಒಂದು ಫೋನ್ ಮಾಡಿದರೆ ನಿಜ ಸ್ಥಿತಿ ಗೊತ್ತಾಗುತ್ತದೆ.

ಬೈಕ್ ರೆಡಿ ಮಾಡುವುದು

ಎಷ್ಟು ಸಿಸಿ ಗಾಡಿ ಅನ್ನುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. 110 ಸಿಸಿ ಗಾಡಿಯಲ್ಲಿ ಇಡೀ ಮಲೆನಾಡು ಓಡಾಡುತ್ತದೆ. ನೋಡಬೇಕಾದದ್ದು ಟೈರ್, ಬ್ರೇಕ್, ಲೈಟ್.

ಟೈರ್ ಗ್ರಿಪ್‌ನ ಆಳಕ್ಕೆ ಕಾನೂನು ಒಂದು ಕನಿಷ್ಠ ಮಿತಿ ಇಟ್ಟಿದೆ. ಮಳೆಗೆ ಅದು ಸಾಲದು, 3 ಮಿಲಿಮೀಟರ್ ಇದ್ದರೆ ಧೈರ್ಯ. ಗ್ರಿಪ್‌ನ ಸಂದಿಯಲ್ಲಿ ಸಣ್ಣ ರಬ್ಬರ್ ಉಬ್ಬು ಇರುತ್ತದಲ್ವಾ, ಟೈರ್ ಆ ಮಟ್ಟಕ್ಕೆ ಸವೆದಿದ್ದರೆ ಬದಲಿಸಿಯೇ ಹೊರಡಿ. ಮಳೆ ಅಂತ ಗಾಳಿ ಜಾಸ್ತಿ ಇಳಿಸಬೇಡಿ, ಕಂಪನಿ ಹೇಳಿದಷ್ಟೇ ಇರಲಿ. ಗಾಳಿ ಕಮ್ಮಿಯಾದರೆ ಟೈರ್ ನೀರನ್ನು ಸರಿಯಾಗಿ ಹೊರಗೆ ತಳ್ಳುವುದಿಲ್ಲ.

ಬ್ರೇಕ್ ಪ್ಯಾಡ್, ಹಿಂದೆ ಡ್ರಮ್ ಇದ್ದರೆ ಅದರ ಲೈನರ್, ಎರಡನ್ನೂ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ನೋಡಿಸಿ. ಹೆಡ್‌ಲೈಟ್, ಹಿಂದಿನ ಕೆಂಪು ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ನಾಲ್ಕೂ ಉರಿಯಬೇಕು. ಮಂಜಿನಲ್ಲಿ ಹಿಂದೆ ಬರುವ ಬಸ್ಸಿಗೆ ನೀವು ಇದ್ದೀರಿ ಅಂತ ಗೊತ್ತಾಗುವುದು ಆ ಒಂದು ಕೆಂಪು ಚುಕ್ಕಿಯಿಂದ ಮಾತ್ರ. ಹಾರ್ನ್ ಕೂಡ ನೋಡಿಕೊಳ್ಳಿ. ಕ್ಲಚ್ ಕೇಬಲ್ ಎಳೆ ಬಿಟ್ಟಿದ್ದರೆ ಹೊಸದು ಹಾಕಿಸಿ, ಹಳೆಯದನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಒಂದು ಕ್ಲಚ್ ಲಿವರ್ ಜೊತೆಗಿರಲಿ. ಬೆಲೆ ಕಮ್ಮಿ, ಮುರಿದರೆ ಮಾತ್ರ ಅಲ್ಲಿ ಸಿಗುವುದಿಲ್ಲ.

ಪಂಕ್ಚರ್ ಕಿಟ್, ಸಣ್ಣ ಪಂಪ್, ಒಂದಿಷ್ಟು ಸ್ಪ್ಯಾನರ್, ಇನ್ಸುಲೇಷನ್ ಟೇಪ್, ಫ್ಯೂಸ್. ಪೆಟ್ರೋಲ್ ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಫುಲ್ ಮಾಡಿಸಿ, ಶೃಂಗೇರಿಯಲ್ಲಿ ಮತ್ತೆ ಸಿಗುತ್ತದೆ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಡಿಜಿಲಾಕರ್‌ನಲ್ಲಿ ಇದ್ದರೂ ಸಾಕು, ಆದರೆ ಫೋನ್ ನೀರಿಗೆ ಕೆಟ್ಟರೆ ಕಷ್ಟ. ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇರಲಿ.

ಮೈಗೆ ಏನು, ಬ್ಯಾಗಿಗೆ ಏನು

ಹಿಂದೆ ಮಲೆನಾಡಿನವರು ಗದ್ದೆ ನಟ್ಟಿಗೆ ಹೋಗುವಾಗ ಕಂಬಳಿ ಕೊಪ್ಪೆಯನ್ನೋ (ತಲೆ, ಬೆನ್ನು ಮುಚ್ಚುವಂತೆ ಮಡಚಿದ ಕಂಬಳಿ) ಗೊರಬನ್ನೋ (ಬಿದಿರು, ಎಲೆಯಿಂದ ಹೆಣೆದ ಮಳೆ ಮರೆ) ಹೊದ್ದು ಹೋಗುತ್ತಿದ್ದರು. ಒದ್ದೆಯಾದರೂ ಕಂಬಳಿ ಬೆಚ್ಚಗೇ ಇರುತ್ತಿತ್ತು. ನಾವು ಮಾಡುವ ತಪ್ಪು ಇಲ್ಲೇ. ಮೈ ಒದ್ದೆಯಾಗಬಾರದು ಅಂತ ಮಾತ್ರ ನೋಡುತ್ತೇವೆ, ಬೆಚ್ಚಗಿರಬೇಕು ಅನ್ನುವುದನ್ನು ಮರೆಯುತ್ತೇವೆ. ಆರು ಗಂಟೆ ಮಳೆಯಲ್ಲಿ ಓಡಿಸಿದರೆ ಎಂಥ ರೇನ್‌ಕೋಟ್ ಆದರೂ ಕುತ್ತಿಗೆ ಹತ್ತಿರವೋ ತೊಡೆಯ ಹತ್ತಿರವೋ ನೀರು ಇಳಿದೇ ಇಳಿಯುತ್ತದೆ. ಆದ್ದರಿಂದ ಒಳಗೆ ದಪ್ಪ ಹತ್ತಿ ಬಟ್ಟೆ ಬೇಡ, ಜೀನ್ಸ್ ಬೇಡವೇ ಬೇಡ. ಬೇಗ ಒಣಗುವ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಅದರ ಮೇಲೆ ತೆಳುವಾದ ಸ್ವೆಟರ್ ಅಥವಾ ಜಾಕೆಟ್, ಅದರ ಮೇಲೆ ಪ್ಯಾಂಟ್ ಶರ್ಟ್ ಬೇರೆಬೇರೆ ಇರುವ ರೇನ್‌ಕೋಟ್, ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದು. ಗಾಳಿಗೆ ಹಾರಾಡುವ ಪೊಂಚೊ ಬೈಕಿಗೆ ಒಳ್ಳೆಯದಲ್ಲ. ಚೈನಿಗೆ ಸಿಕ್ಕಿಕೊಳ್ಳುತ್ತದೆ.

ಕಾಲಿಗೆ ಗ್ರಿಪ್ ಇರುವ ಶೂ. ಸಾಕ್ಸ್ ಮೂರು ಜೊತೆ. ಕೈಗೆ ಗ್ಲೌಸ್ ಎರಡು ಜೊತೆ, ಒಂದು ಜೊತೆ ಮಧ್ಯಾಹ್ನದವರೆಗೆ ಕವರಿನಲ್ಲೇ ಇರಲಿ. ವಾಪಸ್ ಹೊರಡುವಾಗ ಒಣಗಿದ ಸಾಕ್ಸ್, ಒಣಗಿದ ಗ್ಲೌಸ್ ಹಾಕಿಕೊಂಡರೆ ಸಂಜೆಯವರೆಗೆ ಓಡಿಸುವ ಶಕ್ತಿ ಮತ್ತೆ ಬರುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾಗುತ್ತದೆ, ಅದು ಸಣ್ಣ ವಿಷಯವಲ್ಲ.

ಹೆಲ್ಮೆಟ್ ಇಬ್ಬರಿಗೂ, ಐಎಸ್‌ಐ ಗುರುತಿನದು. ವೈಸರ್ ಬಿಳಿಯದೇ ಇರಬೇಕು, ಕಪ್ಪು ಗ್ಲಾಸು ಮಂಜಿನಲ್ಲಿ ಕಣ್ಣು ಕಟ್ಟಿದ ಹಾಗೆ. ಒಳಗೆ ಉಸಿರಿನ ಹಬೆ ಕಟ್ಟುವುದಕ್ಕೆ ಸುಲಭದ ಉಪಾಯ ಇದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ತಗೊಂಡು ವೈಸರ್ ಒಳಮೈಗೆ ಸವರಿ, ಒಣ ಬಟ್ಟೆಯಿಂದ ಕಾಣದಷ್ಟು ಒರೆಸಿ. ನೀರು ಹಾಕಿ ತೊಳೆಯಬೇಡಿ. ಅರ್ಧ ದಿನ ತಡೆಯುತ್ತದೆ. ಆಮೇಲೂ ಹಬೆ ಕಟ್ಟಿದರೆ ವೈಸರನ್ನು ಒಂದು ಬೆರಳಿನಷ್ಟು ಎತ್ತಿ ಓಡಿಸಿ.

ಬ್ಯಾಗಿನ ಒಳಗೆ ದೊಡ್ಡ ಪ್ಲಾಸ್ಟಿಕ್ ಕವರ್ ಹಾಕಿ, ಸಾಮಾನೆಲ್ಲ ಅದರೊಳಗೆ ಇಡಿ. ಮೇಲಿನ ರೇನ್ ಕವರ್ ಒಂದನ್ನೇ ನಂಬಬೇಡಿ. ಫ್ಲಾಸ್ಕಿನಲ್ಲಿ ಬಿಸಿನೀರು, ಚಿಕ್ಕಿ ಅಥವಾ ಬೆಲ್ಲ ಕಡ್ಲೆ, ಟಾರ್ಚ್, ಬ್ಯಾಂಡೇಜ್, ಪವರ್ ಬ್ಯಾಂಕ್. ಮ್ಯಾಪನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಕೊಳ್ಳಿ. ನಗದು ಸಾವಿರ ರೂಪಾಯಿ, ಚಿಲ್ಲರೆಯಾಗಿ. ನೆಟ್‌ವರ್ಕ್ ಇಲ್ಲದ ಕಡೆ ಸ್ಕ್ಯಾನರ್ ಇದ್ದೂ ಪ್ರಯೋಜನವಿಲ್ಲ.

ಇಂಬಳದ ವಿಷಯ

ಜಿಗಣೆಗೆ ನಮ್ಮ ಕಡೆ ಇಂಬಳ ಅನ್ನುತ್ತೇವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಜೋಗಿಗುಂಡಿಯ ಕಾಲುದಾರಿಯಲ್ಲಿ ಅವು ಹತ್ತದೇ ಇದ್ದರೆ ಆಶ್ಚರ್ಯ. ಹೆದರಬೇಡಿ. ಅದು ವಿಷವಲ್ಲ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ರಸ ಬಿಡುತ್ತದೆ, ಅದಕ್ಕೇ ಬಿಟ್ಟಮೇಲೂ ತುಂಬಾ ಹೊತ್ತು ರಕ್ತ ಸೋರುತ್ತದೆ. ಮೊದಲ ಸಲ ನೋಡಿದವರಿಗೆ ಏನೋ ದೊಡ್ಡ ಗಾಯ ಆಗಿದೆ ಅನಿಸುವುದು ಇದರಿಂದ.

ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ. ಸಾಕ್ಸ್ ಮೇಲೆ ನಶ್ಯ ಅಥವಾ ಹೊಗೆಸೊಪ್ಪಿನ ಪುಡಿ ಹಾಕಿ, ಇಲ್ಲವೇ ಸುಣ್ಣ ಸವರಿ. ಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಗಂಟೆಗೊಮ್ಮೆ ಮತ್ತೆ. ಹತ್ತಿದರೆ ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಹತ್ತಿರ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಮೇಲೆ ಒಂದು ಚೂರು ಕಾಗದ ಅಂಟಿಸಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ, ಊರಿನ ಅಜ್ಜಂದಿರೆಲ್ಲ ಇದನ್ನೇ ಮಾಡುವುದು. ಮುಖ್ಯವಾದದ್ದು ಇನ್ನೊಂದಿದೆ. ಬೈಕ್ ಹತ್ತುವ ಮುಂಚೆ ಕಾಲು, ಶೂ, ಸೊಂಟ ಪೂರ್ತಿ ನೋಡಿಕೊಳ್ಳಿ. ಘಟ್ಟದ ತಿರುವಿನಲ್ಲಿ ಕಾಲು ಕೆರೆಯಲು ಹೋಗಿ ಗಾಡಿ ವಾಲಿಸಿದವರನ್ನು ನೋಡಿದ್ದೇನೆ.

ಬೆಳಿಗ್ಗೆ 5:30, ಶಿವಮೊಗ್ಗ

ಮನೆಯಲ್ಲಿ ದಾರಿ ಹೇಳಿ ಹೊರಡಿ. "ಸಂಜೆ ಆರಕ್ಕೆ ತೀರ್ಥಹಳ್ಳಿಯಿಂದ ಫೋನ್ ಮಾಡ್ತೀನಿ, ಏಳೂವರೆ ಆದ್ರೂ ಫೋನ್ ಬರದಿದ್ರೆ ವಿಚಾರಿಸಿ" ಅಂತ ಸ್ಪಷ್ಟವಾಗಿ. ಎರಡು ಬೈಕ್ ಇದ್ದರೆ ಒಳ್ಳೆಯದು. ಐದಾರು ಬೈಕಿನ ಗುಂಪು ಬೇಡ, ಒಬ್ಬರನ್ನೊಬ್ಬರು ಕಾಯುವುದರಲ್ಲೇ ಬೆಳಕು ಹೋಗುತ್ತದೆ.

ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ಎರಡೂ ದಾರಿಯಲ್ಲೇ ಸಿಗುತ್ತವೆ. ಇವತ್ತು ನಿಲ್ಲಬೇಡಿ. ಮಂಡಗದ್ದೆಯಲ್ಲಿ ಮಾತ್ರ ಐದು ನಿಮಿಷ ನಿಲ್ಲಿ. ರಸ್ತೆಗೆ ತಾಗಿಕೊಂಡೇ ತುಂಗೆ, ಹೊಳೆ ನಡುವಿನ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ. ಇಲ್ಲಿ ಹೊಳೆಯ ಬಣ್ಣವನ್ನೂ ನೋಡಿ. ಕೆಂಪಗೆ, ಜೋರಾಗಿ, ಕಸ ಹೊತ್ತು ಬರುತ್ತಿದ್ದರೆ ರಾತ್ರಿ ಮೇಲೆ ಚೆನ್ನಾಗಿ ಹೊಡೆದಿದೆ. ಜಲಪಾತದ ಹತ್ತಿರ ಎಷ್ಟು ಎಚ್ಚರ ಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಏಳಕ್ಕೆ ತೀರ್ಥಹಳ್ಳಿ. ಹೊಟ್ಟೆ ತುಂಬಾ ತಿನ್ನಿ. ಇಡ್ಲಿ, ಕಡುಬು, ಅಕ್ಕಿ ರೊಟ್ಟಿ ಏನು ಬಿಸಿ ಇದೆಯೋ ಅದು. ಸೇತುವೆ ಮೇಲಿಂದ ರಾಮಮಂಟಪ ಎಷ್ಟು ಕಾಣುತ್ತದೆ ನೋಡಿಕೊಂಡು ಹೊರಡಿ.

ಕುಂದಾದ್ರಿ

ಆಗುಂಬೆ ರಸ್ತೆಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಬೇಕು. ಇಡೀ ದಿನದಲ್ಲಿ ಅತಿ ಕಷ್ಟದ ಏರು ಇದೇ. ರಸ್ತೆ ತುದಿಯವರೆಗೂ ಇದೆ, ಆದರೆ ಕಡಿದಾದದ್ದು, ಒಂದು ಕಾರಿನಷ್ಟೇ ಅಗಲ, ಅಂಚಿನಲ್ಲಿ ಪಾಚಿ. ಮೊದಲ ಅಥವಾ ಎರಡನೇ ಗೇರಿನಲ್ಲಿ ಒಂದೇ ವೇಗದಲ್ಲಿ ಹತ್ತಿ. ನಡುವೆ ನಿಲ್ಲಿಸಿದರೆ ಮತ್ತೆ ಎಬ್ಬಿಸುವಾಗ ಹಿಂದಿನ ಚಕ್ರ ತಿರುಗಿ ಜಾರುತ್ತದೆ. ತಿರುವಿಗೆ ಬರುವ ಮುಂಚೆಯೇ ಹಾರ್ನ್ ಹೊಡೆದು, ಮೇಲಿಂದ ಸದ್ದು ಕೇಳುತ್ತದಾ ಅಂತ ಕಿವಿ ಕೊಡಿ. ಗುಡ್ಡದ ರಸ್ತೆಯಲ್ಲಿ ಏರುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ನಿಯಮ, ಆದರೆ ಇಳಿಯುವ ಎಲ್ಲರಿಗೂ ಅದು ಗೊತ್ತಿರುತ್ತದೆ ಅಂದುಕೊಳ್ಳಬೇಡಿ.

ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯಲ್ಲೇ ಇರುವ ಕೊಳ. ಜೈನ ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆಯಿಂದ ಬೆಟ್ಟಕ್ಕೆ ಈ ಹೆಸರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೋಡ ನಿಮ್ಮ ಕಾಲ ಕೆಳಗೆ ಇರುತ್ತದೆ. ಒಮ್ಮೊಮ್ಮೆ ಬಸದಿಯೇ ಕಾಣದಷ್ಟು ಮಂಜು, ಗಾಳಿ ಬಂದು ಪರದೆ ಎಳೆದ ಹಾಗೆ ಎರಡು ನಿಮಿಷ ಕಾಡು, ಗದ್ದೆ, ಅಡಿಕೆ ತೋಟ ಎಲ್ಲ ಕಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ನನಗೆ ಜಲಪಾತಕ್ಕಿಂತ ಇದೇ ಇಷ್ಟ ಅಂದರೂ ತಪ್ಪಿಲ್ಲ. ಬಂಡೆ ಅಂಚಿಗೆ ಹೋಗಬೇಡಿ, ಒದ್ದೆ ಬಂಡೆಯ ಮೇಲೆ ಎಂಥ ಶೂ ಆದರೂ ನಿಲ್ಲುವುದಿಲ್ಲ. ಜೋರು ಮಳೆ ಇದ್ದರೆ ಕುಂದಾದ್ರಿಯನ್ನು ಪೂರ್ತಿ ಬಿಟ್ಟು ನೇರ ಆಗುಂಬೆಗೆ ಹೋಗಿ.

ಇಳಿಯುವಾಗ ಹತ್ತಿದ ಗೇರೇ ಇರಲಿ. ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ಕೆಲಸ ಬೇಡ. ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರಬೇಕು, ಬ್ರೇಕ್ ಸಹಾಯಕ್ಕೆ ಮಾತ್ರ.

ಮಂಜಿನಲ್ಲಿ ಓಡಿಸುವುದು

ಆಗುಂಬೆ ಹತ್ತಿರ ಬರುತ್ತಿದ್ದಂತೆ ಹತ್ತಡಿ ಮುಂದೆ ಏನೂ ಕಾಣದ ಜಾಗ ಬರಬಹುದು. ಎಲ್ಲರೂ ಮೊದಲು ಮಾಡುವುದು ಹೈ ಬೀಮ್ ಹಾಕುವುದು. ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿ. ಹೈ ಬೀಮ್ ಬೆಳಕು ಅದಕ್ಕೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ನಿಲ್ಲುತ್ತದೆ. ಲೋ ಬೀಮ್ ಹಾಕಿ. ಬೆಳಕು ರಸ್ತೆಗೆ ಬೀಳಬೇಕು.

ಎಡಗಡೆಯ ಬಿಳಿ ಪಟ್ಟಿಯನ್ನು ನೋಡುತ್ತಾ ಹೋಗಿ. ಅದರ ಮೇಲೆ ಓಡಿಸಬೇಡಿ, ಒದ್ದೆ ಪೇಂಟ್ ಜಾರುತ್ತದೆ. ಎಷ್ಟು ದೂರ ಕಾಣುತ್ತದೋ ಅಷ್ಟರ ಒಳಗೆ ನಿಲ್ಲಿಸಲು ಆಗುವಷ್ಟೇ ವೇಗ ಇರಲಿ. ಕೆಲವು ಕಡೆ ಅದು 15 ಕಿಲೋಮೀಟರ್ ಆಗಿರಬಹುದು, ಆಗಲಿ. ಮುಂದಿನ ಕಾರಿನ ಕೆಂಪು ಲೈಟ್ ಹಿಡಿದು ಹೋಗುವುದು ಸುಲಭ ಅನಿಸುತ್ತದೆ. ಆದರೆ ಆ ಕಾರು ಗುಂಡಿಗೆ ಬಿದ್ದರೆ ನೀವೂ ಬೀಳುತ್ತೀರಿ. ಅಂತರ ಬಿಡಿ. ನಿಲ್ಲಿಸಲೇಬೇಕಾದರೆ ಟಾರ್ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ ನಿಲ್ಲಿಸಿ, ತಿರುವಿನಲ್ಲಂತೂ ಬೇಡವೇ ಬೇಡ.

ರಸ್ತೆಯಲ್ಲಿ ಜಾರುವ ವಸ್ತುಗಳನ್ನು ನೆನಪಿಡಿ: ಕೆಮ್ಮಣ್ಣು, ಕೊಳೆತ ಎಲೆ, ಬಿದ್ದ ಅಡಿಕೆ ಹಾಳೆ, ಸೆಗಣಿ, ತಿರುವಿನಲ್ಲಿ ಬಸ್ಸಿನಿಂದ ಚೆಲ್ಲಿದ ಡೀಸೆಲ್. ಇವುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಗಾಡಿ ನೆಟ್ಟಗಿಟ್ಟು ದಾಟಿಬಿಡಿ. ಬ್ರೇಕ್ ಹಾಕುವುದೆಲ್ಲ ತಿರುವಿನ ಮುಂಚೆ, ನೇರ ಇರುವಾಗ ಮುಗಿಯಬೇಕು. ನೀರು ನಿಂತ ಜಾಗ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒಂದೆರಡು ಸಲ ಒತ್ತಿ ಒಣಗಿಸಿಕೊಳ್ಳಿ, ಅದರಲ್ಲೂ ಡ್ರಮ್ ಬ್ರೇಕ್ ಆದರೆ.

ರಸ್ತೆ ಮೇಲೆ ನೀರು ಹರಿಯುತ್ತಿದ್ದು, ಕೆಳಗಿನ ಟಾರ್ ಕಾಣದೇ ಇದ್ದರೆ ದಾಟಬೇಡಿ. ಒಮ್ಮೆ ಹೀಗೆ ಮೋರಿ ಹತ್ತಿರ ನಿಂತಿದ್ದಾಗ ಅಂಗಡಿಯ ಅಜ್ಜ ಒಬ್ಬರು ಹೇಳಿದ್ದರು, "ಎಂತಕ್ಕೆ ಅರ್ಜೆಂಟು ಮಾರಾಯ್ರೆ, ಮಳೆ ಬಿಟ್ಟು ಅರ್ಧ ಗಂಟೆಗೆ ನೀರು ಇಳೀತದೆ, ಟೀ ಕುಡೀರಿ." ಹಾಗೇ ಆಯಿತು, ನಲವತ್ತು ನಿಮಿಷಕ್ಕೆ ರಸ್ತೆ ಕಂಡಿತು.

ಆಗುಂಬೆ ಮತ್ತು ಜೋಗಿಗುಂಡಿ

ಹತ್ತೂವರೆಗೆ ಆಗುಂಬೆ. ಬಿಸಿ ಕಷಾಯ ಕುಡಿಯಿರಿ. ಇಲ್ಲಿಂದ ಬರ್ಕಣ ಕಡೆಯ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಒಳಗೇ ಜೋಗಿಗುಂಡಿ. ಕೊನೆಗೆ ಸ್ವಲ್ಪ ದೂರ ನಡಿಗೆ.

ಜೋಗಿಗುಂಡಿ ಎತ್ತರದ ಜಲಪಾತವಲ್ಲ. ಬಂಡೆಗಳ ನಡುವಿಂದ ನೀರು ಬಂದು ಒಂದು ಆಳವಾದ ಗುಂಡಿಗೆ ಧುಮುಕುತ್ತದೆ, ಸುತ್ತ ದಟ್ಟ ಕಾಡು. ಜೋಗಿಗಳು ತಪಸ್ಸು ಮಾಡಿದ ಜಾಗ ಅಂತ ಊರವರು ಹೇಳುತ್ತಾರೆ. ನೋಡಲು ಶಾಂತವಾಗಿ ಕಾಣುತ್ತದೆ, ಅದೇ ಅಪಾಯ. ಗುಂಡಿ ಆಳ ಇದೆ, ಇಳಿಯಬೇಡಿ. ಈಜು ಬರುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ತಣ್ಣೀರಿಗೆ ಮೈ ಸೆಟೆದುಕೊಳ್ಳುತ್ತದೆ, ನೊರೆನೀರು ಎತ್ತಿ ಹಿಡಿಯುವುದಿಲ್ಲ, ಹಿಡಿದುಕೊಳ್ಳಲು ಸಿಗುವುದು ಪಾಚಿ ಕಟ್ಟಿದ ಬಂಡೆ.

ಬರ್ಕಣ ಯಾಕೆ ಬೇಡ? ಸೀತಾ ನದಿ ಸುಮಾರು 850 ಅಡಿ ಬೀಳುವ ದೊಡ್ಡ ಜಲಪಾತ ಅದು, ನಿಜ. ಆದರೆ ಅದನ್ನು ದೂರದ ಬೆಟ್ಟದ ಅಂಚಿನಿಂದ ನೋಡಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಅಷ್ಟು ನಡೆದು ಹೋದಮೇಲೂ ಮಂಜೇ ಕಾಣುವ ದಿನ ಜಾಸ್ತಿ. ನವೆಂಬರ್‌ಗೆ ಇಟ್ಟುಕೊಳ್ಳಿ. ಒನಕೆ ಅಬ್ಬಿಯೂ ಅಷ್ಟೇ.

ಘಾಟಿಯ 14 ಹೇರ್‌ಪಿನ್ ತಿರುವುಗಳನ್ನೂ ಇವತ್ತು ಇಳಿಯುವುದು ಬೇಡ. ಸೂರ್ಯಾಸ್ತದ ಕಟ್ಟೆಯವರೆಗೆ ಹೋಗಿ ಕಣಿವೆ ನೋಡಿ ತಿರುಗಿ. ಸಿಂಗಳೀಕಗಳು ರಸ್ತೆಗೆ ಬಂದಿರುತ್ತವೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಒಂದು ಬಿಸ್ಕತ್ತನ್ನೂ ಹಾಕಬೇಡಿ. ಹಾಕಿದರೆ ಅವು ರಸ್ತೆ ಬದಿಯಲ್ಲೇ ಕಾಯಲು ಕಲಿಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ.

ಶೃಂಗೇರಿ, ಕಿಗ್ಗ, ಸಿರಿಮನೆ

ಆಗುಂಬೆಯಿಂದ ಶೃಂಗೇರಿ ದಾರಿ ಕಾಡು, ತೋಟ, ಗದ್ದೆ, ಮತ್ತೆ ಕಾಡು. ತಿರುವು ಜಾಸ್ತಿ, ಎದುರಿಗೆ ಬರುವ ಬಸ್ಸಿನವರಿಗೆ ದಾರಿ ಬಾಯಿಪಾಠ, ನಿಮಗಲ್ಲ. ಅವರಿಗೆ ಜಾಗ ಬಿಡಿ.

ಒಂದು ಗಂಟೆ ಹೊತ್ತಿಗೆ ಶೃಂಗೇರಿ ಮುಟ್ಟಿದರೆ ಮಠದಲ್ಲಿ ಪ್ರಸಾದದ ಊಟ. ಬಿಸಿ ಅನ್ನ, ಸಾರು, ಪಾಯಸ. ಒದ್ದೆ ರೇನ್‌ಕೋಟ್ ಹೊರಗೆ ಬಿಟ್ಟು, ಒಣ ಬಟ್ಟೆಯಲ್ಲಿ ಒಳಗೆ ಹೋಗಿ. ಶಾರದಾಂಬೆಗೆ, ವಿದ್ಯಾಶಂಕರ ದೇವಾಲಯಕ್ಕೆ ಒಂದು ನಮಸ್ಕಾರ, ಹೊಳೆ ದಡದ ಮೀನುಗಳಿಗೆ ಒಂದು ನೋಟ. ಎರಡು ಗಂಟೆಗೆ ಎದ್ದುಬಿಡಿ. ಇಲ್ಲಿ ಗಡಿಯಾರ ನೋಡಿ ನಿರ್ಧಾರ ಮಾಡಬೇಕು. ಎರಡೂವರೆ ದಾಟಿದ್ದರೆ, ಅಥವಾ ಮಳೆ ಬಿಡದೇ ಸುರಿಯುತ್ತಿದ್ದರೆ ಸಿರಿಮನೆ ಬಿಟ್ಟು ನೇರ ಕೊಪ್ಪದ ದಾರಿ ಹಿಡಿಯಿರಿ.

ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಸ್ಥಾನ. ಕಾಲಿಟ್ಟಲ್ಲಿ ಮಳೆ ತಂದ ಋಷ್ಯಶೃಂಗ ಮುನಿ, ಶೃಂಗೇರಿ ಅನ್ನುವ ಹೆಸರೂ ಅವರಿಂದಲೇ ಬಂದದ್ದು ಅನ್ನುತ್ತಾರೆ. ಬರ ಬಂದರೆ ಮಳೆ ಬರಲಿ ಅಂತ ಜನ ಇಲ್ಲಿಗೇ ಬರುತ್ತಾರೆ, ಅತಿಯಾದರೆ ನಿಲ್ಲಲಿ ಅಂತಲೂ ಇಲ್ಲಿಗೇ ಬರುತ್ತಾರೆ. ಬೈಕಿನಲ್ಲಿ ನೆನೆದುಕೊಂಡು ಬಂದ ದಿನ ಆ ಗುಡಿಯ ಮುಂದೆ ನಿಂತರೆ ಮನಸ್ಸಿಗೆ ಏನೋ ಒಂದು ತಾಗುತ್ತದೆ. ಐದು ನಿಮಿಷ ನಿಲ್ಲಿ.

ಅಲ್ಲಿಂದ ಐದು ಕಿಲೋಮೀಟರ್ ಕಿರಿದಾದ ರಸ್ತೆ. ಸಿರಿಮನೆಯಲ್ಲಿ ಸಣ್ಣ ಟಿಕೆಟ್ ಇದೆ, ಮೆಟ್ಟಿಲು ಇದೆ, ಕೆಳಗೆ ಇಳಿದರೆ ಮೈಗೆ ನೀರಿನ ಪುಡಿ ಹಾರುವಷ್ಟು ಹತ್ತಿರದಲ್ಲಿ ಜಲಪಾತ. ನೀರು ಕಮ್ಮಿ ಇರುವ ತಿಂಗಳಲ್ಲಿ ಜನ ಅದರ ಕೆಳಗೇ ನಿಂತು ನೆನೆಯುತ್ತಾರೆ. ತುಂಬಿದ ಕಾಲದಲ್ಲಿ ಮೆಟ್ಟಿಲ ಮೇಲಿಂದ ನೋಡಿದರೆ ಸಾಕು. ಮಾತು ಕೇಳುವುದಿಲ್ಲ, ಎದೆಯೊಳಗೆ ಸದ್ದು.

ನೀರಿನ ಹತ್ತಿರ ನಿಂತಾಗ ಮೂರು ಗುರುತು ಗಮನಿಸಿ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಎಲೆ ಕಡ್ಡಿ ಜಾಸ್ತಿ ತೇಲಿ ಬರುವುದು, ಸದ್ದು ದಪ್ಪವಾಗುವುದು. ಒಂದು ಕಂಡರೂ ಫೋಟೊ ಬಿಟ್ಟು ಮೇಲೆ ಬನ್ನಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದಿರಬಹುದು. ಕಾವಲಿನವರು ಬೇಡ ಅಂದರೆ ವಾದ ಮಾಡಬೇಡಿ. ಕುಡಿಯುವುದು, ಬಾಟಲಿ ಒಡೆಯುವುದು ಯಾವ ಜಲಪಾತದಲ್ಲೂ ಬೇಡ, ಆ ಗಾಜಿನ ಮೇಲೆ ಬರಿಗಾಲಲ್ಲಿ ಓಡಾಡುವವರು ಊರಿನ ಮಕ್ಕಳು.

3:30, ವಾಪಸ್

ಒಣ ಸಾಕ್ಸ್, ಒಣ ಗ್ಲೌಸ್ ಈಗ. ಹಿಂದೆ ಕೂತವರನ್ನು ಮಾತಾಡಿಸಿ. ಓಡಿಸುವವರ ಕೈಕಾಲು ಆಡುತ್ತಿರುತ್ತದೆ, ಹಿಂದಿನವರು ಸುಮ್ನೆ ಕೂತು ಜಾಸ್ತಿ ನಡುಗುತ್ತಾರೆ. ಮಾತು ತೊದಲಿದರೆ, ನಡುಕ ನಿಲ್ಲದಿದ್ದರೆ ಮೊದಲು ಸಿಗುವ ಮನೆಯಲ್ಲೋ ಅಂಗಡಿಯಲ್ಲೋ ನಿಲ್ಲಿಸಿ ಬಟ್ಟೆ ಬದಲಿಸಿ, ಬಿಸಿಯಾದದ್ದು ಕುಡಿಸಿ. ಮಲೆನಾಡಿನಲ್ಲಿ ಬಾಗಿಲು ತಟ್ಟಿ "ಅಕ್ಕಾ, ಸ್ವಲ್ಪ ಬಿಸಿನೀರು ಕೊಡ್ತೀರಾ" ಅಂದರೆ ಇಲ್ಲ ಅಂದವರನ್ನು ನಾನು ನೋಡಿಲ್ಲ.

ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ. ಕತ್ತಲಾಗುವ ಹೊತ್ತಿಗೆ ಕಾಡಿನಂಚಿನಲ್ಲಿ ಕಾಟಿ (ಕಾಡುಕೋಣ) ರಸ್ತೆ ದಾಟುತ್ತವೆ. ಒಂದು ಕಂಡರೆ ಹಿಂದೆ ಇನ್ನೂ ಇವೆ ಅಂದುಕೊಂಡು ದೂರದಲ್ಲೇ ನಿಲ್ಲಿ, ಹಾರ್ನ್ ಬೇಡ. ಆರಕ್ಕೆ ತೀರ್ಥಹಳ್ಳಿ ಮುಟ್ಟಿದರೆ ಮನೆಗೆ ಹೇಳಿದ್ದ ಫೋನ್ ಮಾಡಿ, ಟೀ ಕುಡಿದು, ಉಳಿದ 60 ಕಿಲೋಮೀಟರ್ ನಿಧಾನಕ್ಕೆ. ಏನಾದರೂ ಆದರೆ 112, ಆಂಬುಲೆನ್ಸಿಗೆ 108. ಸಿಗ್ನಲ್ ಇಲ್ಲದ ಕಡೆ ಮುಂದೆ ಹೋಗುವ ಬಸ್ಸನ್ನು ನಿಲ್ಲಿಸಿ ಹೇಳಿ ಕಳಿಸಿ.

ಮನೆಗೆ ಬಂದಮೇಲೆ ಎಷ್ಟೇ ಸುಸ್ತಾಗಿದ್ದರೂ ಒಂದು ಕೆಲಸ ಬಾಕಿ ಇದೆ. ಬೈಕಿಗೆ ಬಕೆಟ್ ನೀರು ಹಾಕಿ ಕೆಮ್ಮಣ್ಣು ತೊಳೆಯಿರಿ, ಒಣಗಿದ ಮೇಲೆ ಚೈನಿಗೆ ಎಣ್ಣೆ ಬಿಡಿ. ಇಲ್ಲದಿದ್ದರೆ ಬೆಳಿಗ್ಗೆ ಚೈನು ಕೆಂಪಾಗಿರುತ್ತದೆ. ಶೂ ಒಳಗೆ ಹಳೆ ಪೇಪರ್ ತುರುಕಿ, ಬ್ಯಾಗನ್ನು ಹೊರಗೇ ಕೊಡವಿ, ಇಂಬಳ ಒಂದಾದರೂ ಅದರಲ್ಲಿ ಕೂತು ಬಂದಿರುತ್ತದೆ.